ಸನ್‌ರೂಫ್‌ನಿಂದ ನೀರು ಇಳಿಯುತ್ತಿದೆ, ಸುತ್ತ ಸಿಲಿಕಾನ್ ಹಾಕಿಸಿ ಮುಚ್ಚಿಬಿಡಲೇ?

ಬಳ್ಳಾರಿಯಲ್ಲಿ ಓಡುವ ನಾಲ್ಕು ವರ್ಷದ ಕಾರು. ಸೆಪ್ಟೆಂಬರ್ ಮಳೆಯಾದ ಮೇಲೆ ಡ್ರೈವರ್ ಪಕ್ಕದ ಸೀಟಿನ ಮುಂದೆ ಮ್ಯಾಟ್ ಕೆಳಗೆ ನೀರು, ವಿಂಡ್‌ಶೀಲ್ಡ್ ಪಕ್ಕದ ಕಂಬದ ಕವರ್ ಮೇಲೆ ಕೆಂಪು ಗೆರೆ, ರೂಫ್ ಬಟ್ಟೆಯ ಅಂಚಿಗೆ ಕಲೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಗ್ಯಾರೇಜಿನವರು ಸಿಲಿಕಾನ್ ಬಳಿದು ಮುಚ್ಚೋಣ ಅಂದಿದ್ದಾರೆ, ಮಾಡಿಸಲೇ ಎಂದು ಕೇಳಿದ್ದೀರಿ.

ದಯವಿಟ್ಟು ಮಾಡಿಸಬೇಡಿ. ಗಾಜಿನ ಸುತ್ತಲಿನ ಬೀಡಿಂಗ್ ರಬ್ಬರ್ ಎಷ್ಟೇ ಹೊಸದಿದ್ದರೂ ಸ್ವಲ್ಪ ನೀರು ಒಳಗೆ ಬಿಟ್ಟೇ ಬಿಡುತ್ತದೆ, ಮತ್ತು ಕಾರು ಮಾಡಿದವರು ಅದಕ್ಕೆ ದಾರಿ ಇಟ್ಟೇ ಮಾಡಿರುತ್ತಾರೆ. ಗಾಜಿನ ಕೆಳಗೆ ಸುತ್ತಲೂ ಒಂದು ತಟ್ಟೆಯಂಥ ಚಾನೆಲ್ ಇದೆ. ತಾರಸಿ ನೀರು ಮೂಲೆಯ ಪೈಪಿನಲ್ಲಿ ಇಳಿಯುವ ಹಾಗೆ, ಆ ಚಾನೆಲ್‌ನ ಮೂಲೆಗಳಿಂದ ಸಣ್ಣ ರಬ್ಬರ್ ಪೈಪುಗಳು ನೀರನ್ನು ಹೊರಗೆ ಒಯ್ಯುತ್ತವೆ. ಹೆಚ್ಚಿನ ಕಾರುಗಳಲ್ಲಿ ನಾಲ್ಕು ಪೈಪು. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಕಂಬಗಳೊಳಗೆ ಇಳಿದು ಮುಂಬಾಗಿಲಿನ ಹಿಂಜ್ ಹತ್ತಿರ ಅಥವಾ ಮಡ್‌ಗಾರ್ಡ್ ಒಳಗೆ ಬಾಯಿ ಬಿಡುತ್ತವೆ. ಹಿಂದಿನ ಎರಡು ಹಿಂಬದಿ ಕಂಬದೊಳಗೆ ಇಳಿದು ಹಿಂದಿನ ಚಕ್ರದ ಮೇಲ್ಗಡೆ ಅಥವಾ ಬಂಪರ್ ಹಿಂದೆ ತೆರೆದುಕೊಳ್ಳುತ್ತವೆ. ನಿಮ್ಮ ಕಾರಿನಲ್ಲಿ ಎಡ ಮುಂದಿನ ಪೈಪು ಕಟ್ಟಿರಬೇಕು. ಸಿಲಿಕಾನ್ ಹಾಕಿದರೆ ಆ ಪೈಪು ಕಟ್ಟಿಕೊಂಡೇ ಇರುತ್ತದೆ, ಯಾರಾದರೂ ಮರೆತು ಸ್ವಿಚ್ ಒತ್ತಿದರೆ ಮೋಟರ್ ಮೇಲೆ ಭಾರ ಬೀಳುತ್ತದೆ, ಮುಂದೆ ಕೆರೆದು ತೆಗೆಯುವಾಗ ಪೇಂಟ್ ಹೋಗುತ್ತದೆ. ಸಿಲಿಕಾನ್ ಉಳಿದ ಜಾಗಕ್ಕೆ ಹೊಸ ಪೇಂಟೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ.

ನಮ್ಮ ಕಡೆ ಪೈಪು ಬೇಗ ಕಟ್ಟುವುದಕ್ಕೆ ಕಾರಣವಿದೆ. ಸಂಡೂರು, ತೋರಣಗಲ್ಲು ದಾರಿಯ ಅದಿರಿನ ಧೂಳು ಹೆಮಟೈಟ್ ಎಂಬ ಕಬ್ಬಿಣದ ಖನಿಜ; ಮಾಮೂಲಿ ಮಣ್ಣಿನ ಕಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಕ. ಹಾಗಾಗಿ ಅದು ನೀರಿನ ಜೊತೆ ಹರಿದು ಹೋಗದೆ ಪೈಪಿನ ತಿರುವಿನಲ್ಲಿ ತಳ ಹಿಡಿಯುತ್ತದೆ. ಕುಡಿತಿನಿ ವಿದ್ಯುತ್ ಸ್ಥಾವರದ ಕಡೆ ಓಡಾಡುವವರಿಗೆ ಬೂದಿಯೂ ಸೇರುತ್ತದೆ. ಸಿರುಗುಪ್ಪ, ಸಿಂಧನೂರು ಕಡೆಯ ಎರೆ ಮಣ್ಣು ಒಮ್ಮೆ ನೆನೆದು ಒಣಗಿದರೆ ಪೈಪಿನೊಳಗೆ ಗಟ್ಟಿ ಬಿರಡೆ. ಬೇವಿನ ಮರದ ನೆರಳಲ್ಲಿ ನಿಲ್ಲಿಸಿದ ಕಾರಿಗೆ ಹೂವು, ಎಲೆ ಬೇರೆ.

ಕೈ ಹಾಕುವ ಮೊದಲು ನೀರು ಸನ್‌ರೂಫಿನದೇ ಎಂದು ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ಅದೇ ಜಾಗಕ್ಕೆ ಎಸಿ ನೀರೂ ಬರುತ್ತದೆ. ಮಳೆ ಇಲ್ಲದ ದಿನ ಎಸಿ ಹಾಕಿ ಓಡಿಸಿದಾಗ ಮಾತ್ರ ಒದ್ದೆಯಾದರೆ ಎಸಿಯ ಡ್ರೈನ್ ಕಟ್ಟಿದೆ. ನೀರು ಜಿಗುಟಾಗಿ, ಸಿಹಿ ವಾಸನೆ ಬಂದರೆ ಹೀಟರ್‌ನಿಂದ ಸೋರಿದ ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಕಂಬ, ರೂಫ್ ಒಣಗಿದ್ದು ಬಾಗಿಲ ಕೆಳಗಿನ ಪಟ್ಟಿ ಮಾತ್ರ ಒದ್ದೆಯಿದ್ದರೆ ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿ ತುಂಬಿದರೆ ಹಿಂದಿನ ಡ್ರೈನ್ ಅಥವಾ ಟೈಲ್ ಲ್ಯಾಂಪ್ ರಬ್ಬರ್. ಕಂಬದ ಮೇಲಿನ ಕೆಂಪು ಗೆರೆ ನೋಡಿದರೆ ನಿಮ್ಮದು ಮೇಲಿನಿಂದಲೇ ಇಳಿದಿದೆ.

ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಸನ್‌ರೂಫ್ ಪೂರ್ತಿ ತೆರೆಯಿರಿ. ಚಾನೆಲ್‌ನಲ್ಲಿರುವ ಕಸ, ಧೂಳನ್ನು ಬ್ರಷ್ ಮತ್ತು ವ್ಯಾಕ್ಯೂಮ್‌ನಿಂದ ಒಣಗಿದ್ದಾಗಲೇ ತೆಗೆಯಿರಿ. ನೀರು ಹಾಕಿ ತೊಳೆಯಲು ಹೋದರೆ ಅಷ್ಟೂ ಕೆಸರು ಪೈಪಿಗೆ ಇಳಿಯುತ್ತದೆ. ಆಮೇಲೆ 50 ಮಿಲಿ ಸಿರಿಂಜ್‌ನಲ್ಲಿ ಒಂದೊಂದು ಮೂಲೆಯ ತೂತಿಗೆ ಸುಮಾರು 200 ಮಿಲಿ ನೀರು ನಿಧಾನವಾಗಿ ಬಿಡಿ. ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ನೋಡಲಿ. ಕೆಲವೇ ಸೆಕೆಂಡಿನಲ್ಲಿ ಧಾರೆಯಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ಅರ್ಧ ಕಟ್ಟಿದೆ. ಮೇಲೇ ನಿಂತರೆ ಪೂರ್ತಿ ಕಟ್ಟಿದೆ. ನೀರು ಇಳಿದು ಹೋಯಿತು, ಹೊರಗೆ ಮಾತ್ರ ಬರಲಿಲ್ಲ ಎಂದರೆ ಪೈಪು ಕಳಚಿದೆ ಅಥವಾ ಸೀಳಿದೆ. ಅಲ್ಲಿಗೇ ನಿಲ್ಲಿಸಿ, ಇನ್ನಷ್ಟು ನೀರು ಹಾಕಬೇಡಿ.

ಬಿಡಿಸಲು ಒಳ್ಳೆಯ ಸಾಧನ ಹುಲ್ಲು ಕತ್ತರಿಸುವ ಮಷಿನ್ನಿನ 2 ಮಿ.ಮೀ. ನೈಲಾನ್ ದಾರ. ಕೃಷಿ ಯಂತ್ರದ ಅಂಗಡಿಯಲ್ಲಿ ಸಿಗುತ್ತದೆ, 2 ಮೀಟರ್ ಸಾಕು. ತುದಿಯನ್ನು ಬೆಂಕಿಕಡ್ಡಿಗೆ ಹಿಡಿದು ಸಣ್ಣ ಗುಂಡಾಗುವಂತೆ ಕರಗಿಸಿ, ಇಲ್ಲದಿದ್ದರೆ ಚೂಪು ತುದಿ ಪೈಪಿಗೆ ಚುಚ್ಚುತ್ತದೆ. ತಿರುಗಿಸುತ್ತಾ ಮೆಲ್ಲಗೆ ತಳ್ಳಿ. ತಡೆದಲ್ಲಿ ಒತ್ತದೆ ಹಿಂದಕ್ಕೆ ಎಳೆದು, 20-30 ಮಿಲಿ ಉಗುರುಬೆಚ್ಚಗಿನ ಸೋಪು ನೀರು ಬಿಟ್ಟು ಹತ್ತು ನಿಮಿಷ ಬಿಡಿ, ಮತ್ತೆ ತಳ್ಳಿ. ಅದಿರಿನ ಕೆಸರು ಒಂದೇ ಸಲಕ್ಕೆ ಬಿಡುವುದಿಲ್ಲ. ಕೆಳಗಿನ ಬಾಯಲ್ಲಿ ಸೀಳಿದ ತುಟಿಯಂಥ ರಬ್ಬರ್ ಮೂತಿ ಇರಬಹುದು. ಎಷ್ಟೋ ಸಲ ಕಟ್ಟಿರುವುದು ಅಲ್ಲಿಯೇ. ಬೆರಳಲ್ಲಿ ಹಿಸುಕಿದರೆ ಒಣ ಕೆಸರು ಉದುರುತ್ತದೆ. ಕಬ್ಬಿಣದ ತಂತಿ ಹಾಕಬೇಡಿ.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸುವುದಂತೂ ಬೇಡವೇ ಬೇಡ. ಆ ಕಂಪ್ರೆಸರ್‌ನಲ್ಲಿ 100 ಪಿಎಸ್‌ಐ ಆಸುಪಾಸು ಒತ್ತಡ ಇರುತ್ತದೆ. ಪೈಪು ಚಾನೆಲ್‌ನ ಮೂತಿಗೆ ಬರೀ ಬಿಗುವಿನಲ್ಲಿ ಕೂತಿರುತ್ತದೆ. ಕೆಳಗೆ ಕಟ್ಟಿರುವಾಗ ಗಾಳಿ ಹೊಡೆದರೆ ರೂಫ್ ಬಟ್ಟೆಯ ಮೇಲ್ಗಡೆ ಅದು ಕಳಚಿಕೊಳ್ಳುತ್ತದೆ. ಹತ್ತು ನಿಮಿಷದ ಕೆಲಸ ಆಗ ರೂಫ್ ಬಿಚ್ಚುವ ಕೆಲಸವಾಗುತ್ತದೆ.

ಕಳಚಿದ ಪೈಪನ್ನು ಕೂರಿಸಲು ಕಂಬದ ಕವರ್ ಬಿಚ್ಚಿ ರೂಫ್ ಬಟ್ಟೆಯ ಅಂಚು ಇಳಿಸಬೇಕು. ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಅದು ಅಲ್ಲಿಯೇ ಮಡಚಿ ಕೂತಿರುತ್ತದೆ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷ ಕಾಯಿರಿ. ಪೈಪಿನ ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಮೂತಿಯ ಬುಡದವರೆಗೂ ತಳ್ಳಿ, ಸಣ್ಣ ಕ್ಲಾಂಪ್ ಹಾಕಿ. ಪೈಪು ಏರ್‌ಬ್ಯಾಗ್ ಮೇಲೆ ಅಡ್ಡ ಬರದಂತೆ ಹಳೆಯ ಜಾಗದಲ್ಲೇ ಹೋಗಬೇಕು. ಆ ಕವರಿನ ಕ್ಲಿಪ್‌ಗಳು ಹಲವು ಕಾರುಗಳಲ್ಲಿ ಒಂದೇ ಸಲಕ್ಕೆ. ಬಿಚ್ಚುವ ಮೊದಲೇ ಹೊಸದು ತರಿಸಿಟ್ಟುಕೊಳ್ಳಿ. ಹಳೆಯದನ್ನೇ ಬಡಿದು ಕೂರಿಸಿದರೆ ಏರ್‌ಬ್ಯಾಗ್ ಸಿಡಿದಾಗ ಕವರ್ ಮುಖಕ್ಕೆ ಹಾರುವ ಅಪಾಯವಿದೆ. ಈ ಭಾಗದ ಕೆಲಸ ಗೊತ್ತಿಲ್ಲದಿದ್ದರೆ ತಿಳಿದವರಿಗೆ ಬಿಡುವುದೇ ಮೇಲು.

ಬೀಡಿಂಗ್ ಬಗ್ಗೆ ಎರಡು ಮಾತು. ಒಂದು ಕಾಗದದ ಪಟ್ಟಿ ಇಟ್ಟು ಗಾಜು ಮುಚ್ಚಿ, ಎಳೆದು ನೋಡಿ. ಸುತ್ತಲೂ ಒಂದೇ ಬಿಗುವಿರಬೇಕು. ಎಲ್ಲೋ ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಕೂತುಹೋಗಿದೆ ಅಥವಾ ಗಾಜಿನ ಎತ್ತರ ತಪ್ಪಿದೆ. ಏಪ್ರಿಲ್, ಮೇ ಬಿಸಿಲಿಗೆ ರಬ್ಬರ್ ಗಡುಸಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿದರೆ ಮೆತ್ತಗಿರುತ್ತದೆ. ಈ ಗ್ರೀಸ್ ಬೇರೆ, ಗ್ಯಾರೇಜಿನವರು ಹೇಳಿದ ಸಿಲಿಕಾನ್ ಅಂಟು ಬೇರೆ. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ತಾಗಿಸಬೇಡಿ, ರಬ್ಬರ್ ಉಬ್ಬುತ್ತದೆ. ವಾಟರ್ ಸರ್ವಿಸ್‌ನಲ್ಲಿ ಗನ್ನನ್ನು ಗಾಜಿನ ಅಂಚಿಗೆ ನೇರ ಹಿಡಿಯಬೇಡಿ ಎಂದು ಹೇಳಿ ನಿಲ್ಲಿ.

ಇನ್ನು ವಾಸನೆ. ಹೆಚ್ಚಿನವರು ಸೋಲುವುದು ಇಲ್ಲಿ. ಮೇಲಿನ ಕಾರ್ಪೆಟ್ ಮುಟ್ಟಿ ಒಣಗಿದೆ ಅನ್ನುತ್ತಾರೆ, ಅದರ ಅಡಿಯ ದಪ್ಪ ಫೋಮ್ ಲೀಟರುಗಟ್ಟಲೆ ನೀರು ಹೀರಿಕೊಂಡು ಕೂತಿರುತ್ತದೆ. ಕೆಳಗೆ ಲೋಹದ ತಳ, ಮೇಲೆ ರಬ್ಬರ್ ಮ್ಯಾಟ್. ನಮ್ಮ ಬಿಸಿಲೂ ಅದನ್ನು ಒಣಗಿಸಲಾರದು. ಆದ್ದರಿಂದ ಸೀಟು ತೆಗೆಯಲೇಬೇಕು. ಸಾಮಾನ್ಯವಾಗಿ ನಾಲ್ಕು ಬೋಲ್ಟ್. ಸೀಟಿನಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿಗೆ ಸಂಬಂಧಿಸಿದ್ದು, ಬ್ಯಾಟರಿ ಕಳಚಿದ ಮೇಲಷ್ಟೇ ಅದನ್ನು ಬಿಚ್ಚಿ, ಮತ್ತೆ ಸಿಕ್ಕಿಸುವವರೆಗೆ ಕೀ ಆನ್ ಮಾಡಬೇಡಿ. ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ, ಅದನ್ನು ಆರಿಸಲು ಗ್ಯಾರೇಜಿನ ಸ್ಕ್ಯಾನರ್ ಬೇಕಾಗುತ್ತದೆ. ಬಾಗಿಲ ಪಟ್ಟಿ ತೆಗೆದು ಕಾರ್ಪೆಟ್ ಎತ್ತಿ, ನೀರು ಎಳೆಯುವ ವ್ಯಾಕ್ಯೂಮ್‌ನಿಂದ ಫೋಮ್ ಹಿಂಡಿ, ಅಡಿಗೆ ಇಟ್ಟಿಗೆಯೋ ಬಾಟಲಿಯೋ ಕೊಟ್ಟು ಟೇಬಲ್ ಫ್ಯಾನ್ ಹಾಕಿ. ಎರಡು ಮೂರು ದಿನ ಬೇಕಾಗುತ್ತದೆ. ಫೋಮಿನ ಮೇಲೆ ಟಿಶ್ಯೂ ಇಟ್ಟು ಮುಷ್ಟಿಯಿಂದ ಒತ್ತಿದಾಗ ಒದ್ದೆಯಾಗದಿದ್ದರೆ ಒಣಗಿದೆ. ಬೂಷ್ಟು ಕಂಡರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಬ್ಲೀಚ್ ಬೇಡ, ಬಣ್ಣ ಹೋಗುತ್ತದೆ, ಲೋಹ ತಿನ್ನುತ್ತದೆ. ಎಸಿಯ ಕ್ಯಾಬಿನ್ ಫಿಲ್ಟರ್ ಬದಲಿಸಿ. ಕಾರ್ಪೆಟ್ ಎತ್ತಿದ್ದಾಗಲೇ ವೈರಿಂಗ್ ನೋಡಿಕೊಳ್ಳಿ: ಕನೆಕ್ಟರ್ ಪಿನ್ ಹಸಿರುಗಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಪೂರ್ತಿ ಒಣಗಿಸಿ. ಆರು ತಿಂಗಳಾದ ಮೇಲೆ ಬರುವ ಸೆಂಟ್ರಲ್ ಲಾಕ್, ಪವರ್ ವಿಂಡೋ ತೊಂದರೆಗಳ ಮೂಲ ಎಷ್ಟೋ ಸಲ ಇಲ್ಲೇ ಇರುತ್ತದೆ.

ರೂಫ್ ಬಟ್ಟೆಯ ಕಲೆಗೆ ಮೊದಲು ಒಣ ಬ್ರಷ್, ವ್ಯಾಕ್ಯೂಮ್. ಕೆಂಪು ಧೂಳಿಗೆ ನೀರು ತಾಗಿಸಿದಿರೋ ಹರಡುತ್ತದೆ. ಆಮೇಲೆ ಸೀಟು ಬಟ್ಟೆಯ ಫೋಮ್ ಕ್ಲೀನರ್‌ನ ನೊರೆಯನ್ನಷ್ಟೇ ಮೈಕ್ರೋಫೈಬರ್ ಬಟ್ಟೆಗೆ ತೆಗೆದುಕೊಂಡು, ಕಲೆ ಇರುವಲ್ಲಿ ಮಾತ್ರ ಉಜ್ಜದೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹಗುರವಾಗಿ ಒರೆಸಿ. ಇಲ್ಲದಿದ್ದರೆ ಒಣಗಿದ ಮೇಲೆ ಬಳೆಯಾಕಾರದ ಹೊಸ ಕಲೆ ಏಳುತ್ತದೆ. ಬಟ್ಟೆ ಜೋತುಬಿದ್ದಿದ್ದರೆ ಒಳಗಿನ ತೆಳು ಫೋಮ್ ಪುಡಿಯಾಗಿದೆ ಎಂದರ್ಥ, ಮೇಲಿಂದ ಗಮ್ ಚುಚ್ಚಿ ಪ್ರಯೋಜನವಿಲ್ಲ. ಬಟ್ಟೆ ಅಂಟಿಸಿರುವ ರೂಫ್ ಬೋರ್ಡ್ ಇಳಿಸಿ, ಪುಡಿಯನ್ನೆಲ್ಲ ಬ್ರಷ್‌ನಿಂದ ಕೆರೆದು, ಫೋಮ್ ಅಂಟಿಸಿದ ಹೊಸ ಬಟ್ಟೆಯನ್ನು ಬಿಸಿ ತಡೆಯುವ ಸ್ಪ್ರೇ ಗಮ್‌ನಿಂದ ನಡುವಿನಿಂದ ಅಂಚಿಗೆ ಕೂರಿಸಬೇಕು. ಮಾಮೂಲಿ ಗಮ್ ಬಳಸಿದರೆ ಬಿಸಿಲಿಗೆ ನಿಂತ ಕಾರಿನ ಶಾಖಕ್ಕೆ ಮುಂದಿನ ಬೇಸಿಗೆಯಲ್ಲೇ ಬಿಡುತ್ತದೆ.

ಬ್ಯಾಟರಿ ಕಳಚಿದ್ದರಿಂದ ಸನ್‌ರೂಫ್ ಅರ್ಧಕ್ಕೆ ನಿಲ್ಲಬಹುದು. ಸ್ವಿಚ್ ಒತ್ತಿ ಹಿಡಿದು ಮತ್ತೆ ಹೊಂದಿಸುವ ಕ್ರಮ ಕಾರಿನ ಕೈಪಿಡಿಯಲ್ಲಿರುತ್ತದೆ. ಡ್ರೈನ್ ಪರೀಕ್ಷೆಯನ್ನು ಮುಂಗಾರಿಗೆ ಮೊದಲು ಮೇ ಕೊನೆಗೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಮಾಡಿ. ದಿನಾ ಅದಿರು ಲಾರಿಗಳ ಹಿಂದೆ ಓಡಿಸುವವರಾದರೆ ಎರಡು ತಿಂಗಳಿಗೊಮ್ಮೆ. ಈಗಿನ ಕೆಲಸ ಮುಗಿದ ಮೇಲೆ ಕಾರ್ಪೆಟ್ ಹಾಸಲು ಅವಸರ ಮಾಡಬೇಡಿ. ಗಾಜನ್ನು ಬ್ಯಾಟರಿ ಕಳಚುವ ಮೊದಲೇ ಮುಚ್ಚಿಟ್ಟಿರಿ; ಸೀಟು ಹೊರಗಿರುವಾಗಲೇ ಹತ್ತು ನಿಮಿಷ ನಲ್ಲಿಯ ಪೈಪಿನಲ್ಲಿ ರೂಫ್ ಮೇಲೆ ನೀರು ಬಿಡಿ, ತಳಕ್ಕೆ ಹಳೇ ಪೇಪರ್ ಹಾಸಿ ನೋಡಿ. ಪೇಪರ್ ಒಣಗೇ ಇದ್ದರೆ ಕಾರ್ಪೆಟ್, ಸೀಟು ಕೂರಿಸಬಹುದು.