ಕೋಡ್ ಸ್ನಿಪೆಟ್‌ಗಳು ಬೇಗ ಕೈಗೆ ಸಿಗಲು ಸೈಡ್‌ಬಾರ್ ಪಟ್ಟಿ ಬೇಕೇ?

ಕೋಡ್ ತುಣುಕುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು ಬೇಕಾದಾಗ ಕಾಪಿ ಮಾಡಿಕೊಳ್ಳುತ್ತೀರಿ, ಆ ಪಟ್ಟಿ ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ನ ಪಕ್ಕದಲ್ಲೇ ಕಾಣಲು ಯಾವ ಎಕ್ಸ್‌ಟೆನ್ಶನ್ ಒಳ್ಳೆಯದು ಎಂದು ಕೇಳಿದ್ದೀರಿ. ನಾನೂ ಇದನ್ನೇ ಹುಡುಕಿದವನು. ಪಟ್ಟಿಯೇ ಬೇಡ ಎಂಬುದು ನನ್ನ ಉತ್ತರ. ತುಣುಕು ನೂರು ದಾಟಿದರೆ ಪಟ್ಟಿಯೊಳಗೂ ಹುಡುಕಾಟವೇ, ಕೈ ಮೌಸ್‌ಗೆ ಹೋಗಲೇಬೇಕು. ಟೈಪ್ ಮಾಡುತ್ತಿರುವ ಜಾಗದಲ್ಲೇ ನಾಲ್ಕಕ್ಷರ ಹೊಡೆದರೆ ತುಣುಕು ಬರುವಂತಿರಬೇಕು. ಅದಕ್ಕೆ ಎಡಿಟರಿನದೇ ಸೌಲಭ್ಯ ಸಾಕು.

ಕಂಟ್ರೋಲ್+ಶಿಫ್ಟ್+ಪಿ ಒತ್ತಿ ‘ಕಾನ್ಫಿಗರ್ ಸ್ನಿಪೆಟ್ಸ್’ ಆರಿಸಿ, ಭಾಷೆ ಆರಿಸಿ. ತೆರೆಯುವ ಜೇಸನ್ (JSON) ಫೈಲಿನಲ್ಲಿ ಪ್ರತಿ ತುಣುಕಿಗೂ ಪ್ರಿಫಿಕ್ಸ್ (ತುಣುಕನ್ನು ಕರೆಯಲು ಹೊಡೆಯುವ ಪದ), ಬಾಡಿ (ತುಣುಕಿನ ಕೋಡ್), ಡಿಸ್ಕ್ರಿಪ್ಶನ್ (ವಿವರಣೆ) ಬರೆಯಬೇಕು. ಬಾಡಿಯಲ್ಲಿ ಒಂದೊಂದು ಸಾಲನ್ನೂ ಡಬಲ್ ಕೋಟ್‌ನಲ್ಲಿಟ್ಟು ಅಲ್ಪವಿರಾಮದಿಂದ ಬೇರ್ಪಡಿಸಿ. ಇಂಡೆಂಟ್‌ಗೆ ಸ್ಪೇಸ್ ಹೊಡೆಯದೆ ಟ್ಯಾಬ್ ಎಸ್ಕೇಪ್ (\t) ಬಳಸಿದರೆ ಆಯಾ ಫೈಲಿನ ಇಂಡೆಂಟ್‌ಗೆ ಅದು ತಾನೇ ಹೊಂದಿಕೊಳ್ಳುತ್ತದೆ. ಕರ್ಸರ್ ಮೊದಲು ನಿಲ್ಲಬೇಕಾದಲ್ಲಿ $1, ಮುಂದಿನದು $2, ಕೊನೆಗೆ $0.

ಎಲ್ಲ ಕೆಡುವುದು ಈ ಡಾಲರ್ ಚಿಹ್ನೆಯಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಫೋಲ್ಡರಿನ ಕೋಡನ್ನು ಹಾಗೇ ಬಾಡಿಗೆ ಅಂಟಿಸಿದರೆ ಅದರೊಳಗಿನ ಡಾಲರನ್ನೂ ಎಡಿಟರ್ ತನ್ನ ಗುರುತೆಂದೇ ಓದುತ್ತದೆ. ಪಿಎಚ್‌ಪಿಯ ವೇರಿಯಬಲ್ ಹೆಸರು ಅದಕ್ಕೆ ಗೊತ್ತಿಲ್ಲದಿದ್ದರೆ ಎರರ್ ತೋರಿಸುವುದಿಲ್ಲ. ಡಾಲರ್ ತೆಗೆದು ಹೆಸರನ್ನಷ್ಟೇ ಹಾಕುತ್ತದೆ. ಶೆಲ್ ಸ್ಕ್ರಿಪ್ಟಿನಲ್ಲಿ ಇದು ಅಪಾಯ, ಅಲ್ಲಿ $1 ಎಂದರೆ ಸ್ಕ್ರಿಪ್ಟಿಗೆ ಕೊಟ್ಟ ಮೊದಲ ಮೌಲ್ಯ. ಅಳಿಸುವ ಕಮಾಂಡಿನ ಮುಂದೆ "$1/ಟಿಎಂಪಿ" ಎಂದಿತ್ತು ಅನ್ನಿ. $1 ಕರ್ಸರ್ ನಿಲ್ಲುವ ಜಾಗವಾಗುತ್ತದೆ, ಉಳಿಯುವುದು "/ಟಿಎಂಪಿ". ನೋಡದೆ ಓಡಿಸಿದರೆ ಸಿಸ್ಟಮಿನ ಫೋಲ್ಡರಿಗೇ ಪೆಟ್ಟು. ಕೋಡಿಗೆ ಸೇರಿದ ಪ್ರತಿ ಡಾಲರಿನ ಹಿಂದೆಯೂ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ: \\$1. ಎರಡೇಕೆಂದರೆ, ಜೇಸನ್ ಓದುವಾಗ ಒಂದು ಕರಗುತ್ತದೆ, ಉಳಿದ ಒಂದು ಡಾಲರನ್ನು ಕಾಯುತ್ತದೆ. ಒಂದನ್ನೇ ಹಾಕಿದರೆ ಅದು ಜೇಸನ್ನಿಗೆ ಒಪ್ಪದ ಎಸ್ಕೇಪ್. ಹೊಸ ತುಣುಕನ್ನು ಖಾಲಿ ಫೈಲಿನಲ್ಲಿ ಒಮ್ಮೆ ಬಿಡಿಸಿ, ಮೂಲದ ಪಕ್ಕದಲ್ಲಿಟ್ಟು ನೋಡದೆ ಬಳಸಬೇಡಿ.

ಪ್ರಿಫಿಕ್ಸಿಗೆ ಕೋಡಿನ ಮೊದಲ ಪದ ಇಡುವವರೇ ಹೆಚ್ಚು. ನನಗೆ ಅದು ಸರಿಕಾಣದು. ಕೆಲಸ ನೆನಪಾದಾಗ ಬಾಯಿಗೆ ಬರುವ ಪದ ಇಡಿ. ಒಂದೇ ತುಣುಕಿಗೆ ಎರಡು-ಮೂರು ಪ್ರಿಫಿಕ್ಸ್ ಬೇಕಿದ್ದರೆ ಅರೇ (ಚೌಕ ಕಂಸದೊಳಗಿನ ಪಟ್ಟಿ) ಆಗಿ ಕೊಡಬಹುದು. ಪೂರ್ತಿ ಹೊಡೆಯಬೇಕೆಂದೂ ಇಲ್ಲ, ನಡುವಿನ ಅಕ್ಷರ ಬಿಟ್ಟರೂ ಎಡಿಟರ್ ಹುಡುಕಿಕೊಡುತ್ತದೆ.

ಸಲಹೆಗಳ ನಡುವೆ ನಿಮ್ಮ ತುಣುಕು ಕೆಳಗೆ ಹೂತುಹೋಗುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಸ್ನಿಪೆಟ್ ಸಜೆಶನ್ಸ್’ ಅನ್ನು ‘ಟಾಪ್’ ಮಾಡಿ. ‘ಟ್ಯಾಬ್ ಕಂಪ್ಲೀಶನ್’ ಅನ್ನು ‘ಓನ್ಲಿ ಸ್ನಿಪೆಟ್ಸ್’ಗೆ ಇಟ್ಟರೆ ಪ್ರಿಫಿಕ್ಸ್ ಹೊಡೆದು ಟ್ಯಾಬ್ ಒತ್ತಿದರಾಯಿತು. ಮಾರ್ಕ್‌ಡೌನ್ ಫೈಲಿನಲ್ಲಿ ಏನೂ ಬರುತ್ತಿಲ್ಲವೇ? ಅಲ್ಲಿ ತಾನಾಗಿ ಬರುವ ಸಲಹೆ ಮೊದಲಿನಿಂದಲೂ ಆಫ್ ಇರುತ್ತದೆ, ಕಂಟ್ರೋಲ್+ಸ್ಪೇಸ್ ಒತ್ತಿ.

ಒಂದೇ ಪ್ರಾಜೆಕ್ಟಿಗೆ ಬೇಕಾದವನ್ನು ಎಲ್ಲ ಕಡೆ ಹರಡಬೇಡಿ. ಆ ಪ್ರಾಜೆಕ್ಟಿನ ‘.ವಿಎಸ್‌ಕೋಡ್’ (.vscode) ಫೋಲ್ಡರಿನಲ್ಲಿ ‘.ಕೋಡ್-ಸ್ನಿಪೆಟ್ಸ್’ (.code-snippets) ಎಂದು ಕೊನೆಯಾಗುವ ಫೈಲ್ ಮಾಡಿ, ‘ಸ್ಕೋಪ್’ನಲ್ಲಿ ಭಾಷೆ ಬರೆದು ಗಿಟ್‌ಗೆ ಕಮಿಟ್ ಮಾಡಿ, ಪುಶ್ ಮಾಡಿ. ಜೊತೆಯವರು ಪುಲ್ ಮಾಡಿದ ಕೂಡಲೇ ಅವರ ಎಡಿಟರಿನಲ್ಲೂ ಬರುತ್ತದೆ.