ಮಗಳಿಗೆ, ಆಮೇಲೆ ಅವಳ ಮಕ್ಕಳಿಗೂ ಉಳಿಯೋ ಮೇಜು ಮಾಡ್ಬೇಕು, ಹೇಗೆ?

ಪ್ರಶ್ನೆ: ನಾನು ಬಡಗಿ ಅಲ್ಲ, ರಜಾ ದಿನಗಳಲ್ಲಿ ಸಣ್ಣಪುಟ್ಟ ಮರಗೆಲಸ ಮಾಡ್ತೀನಿ. ಮಗಳಿಗೆ ಕೈಯಾರೆ ಒಂದು ಓದೋ ಮೇಜು ಮಾಡಿಕೊಡ್ಬೇಕು, ಅದು ಅವಳ ಮಕ್ಕಳ ಕಾಲಕ್ಕೂ ಇರ್ಬೇಕು ಅಂತ ಆಸೆ. ಸಾಗುವಾನಿ ಹಲಗೆ ತೆಗೆದಿಟ್ಟಿದೀನಿ. ಆದ್ರೆ ಹೋದ ವರ್ಷ ಮಾಡಿದ ಟೀಪಾಯಿ ಎಂಟೇ ತಿಂಗಳಿಗೆ ಮಧ್ಯದಲ್ಲಿ ಉದ್ದಕ್ಕೆ ಸೀಳಿಬಿಟ್ಟಿದೆ. ಗಟ್ಟಿಯಾಗಿರ್ಲಿ ಅಂತ ಹಲಗೆನ ಕೆಳಗಿನ ಫ್ರೇಮ್‌ಗೆ ಗಮ್ ಹಾಕಿ ಸುತ್ತಲೂ ಸ್ಕ್ರೂ ಬಿಗಿದಿದ್ದೆ. ಸ್ಕ್ರೂ ಇನ್ನೂ ಜಾಸ್ತಿ ಬೇಕಿತ್ತಾ? ಪಾಲಿಶ್ ಯಾವ್ದು ಒಳ್ಳೇದು?

ಉತ್ತರ: ಸ್ಕ್ರೂ ಕಮ್ಮಿ ಆಗಿದ್ದಲ್ಲ, ಆ ಬಿಗಿತಾನೇ ನಿಮ್ಮ ಟೀಪಾಯಿನ ಸೀಳಿದ್ದು.

ಮರ ಕಡಿದು ಎಷ್ಟು ವರ್ಷ ಆದ್ರೂ ಗಾಳಿಲಿರೋ ತೇವ ಎಳ್ಕೊಳ್ಳುತ್ತೆ, ಒಣಹವೆ ಬಂದ್ರೆ ಬಿಟ್ಟುಕೊಡುತ್ತೆ. ಉದ್ದಕ್ಕೆ ಅದು ಬದಲಾಗೋದು ಲೆಕ್ಕಕ್ಕೇ ಇಲ್ಲ, ಆಟ ಎಲ್ಲಾ ಅಗಲದಲ್ಲಿ. ಸಾಗುವಾನಿ ಈ ವಿಷಯದಲ್ಲಿ ಸಂಭಾವಿತ ಮರ, ಆದ್ರೂ 75 ಸೆಂ.ಮೀ. ಅಗಲದ ಮೇಲ್ಹಲಗೆ ತೇವಾಂಶ 4% ಏರಿಳಿದ್ರೆ 3ರಿಂದ 6 ಮಿ.ಮೀ. ತನಕ ಹಿಗ್ಗಿ ಕುಗ್ಗುತ್ತೆ (ದಿಮ್ಮಿನ ಯಾವ ಕಡೆಯಿಂದ ಕೊಯ್ದಿದಾರೆ ಅನ್ನೋದ್ರ ಮೇಲೆ ಹೋಗುತ್ತೆ). ಓಕ್ ತಗೊಂಡ್ರೆ ಇದಕ್ಕಿಂತ ಜಾಸ್ತಿ. ಈ ಕುಗ್ಗಾಟನ ಯಾವ ಗಮ್ಮೂ ಯಾವ ಸ್ಕ್ರೂನೂ ತಡೆಯಕ್ಕಾಗಲ್ಲ, ತಡೆದ್ರೆ ಹಲಗೆ ತನ್ನನ್ನ ತಾನೇ ಸೀಳ್ಕೊಂಡು ಜಾಗ ಮಾಡ್ಕೊಳುತ್ತೆ, ನಿಮ್ಮಲ್ಲಿ ಆಗಿದ್ದು ಅದೇ.

ಹಾಗಾಗಿ ಮೇಜಿನ ಮೇಲ್ಹಲಗೆಗೆ ಫ್ರೇಮ್ ಜೊತೆ ಗಮ್ ಬೇಡ್ವೇ ಬೇಡ. ಅಗಲದ ಮಧ್ಯದಲ್ಲಿ ಮಾತ್ರ ಸ್ಕ್ರೂ ಬಿಗಿ ಮಾಡಿ, ಎರಡೂ ಅಂಚಿನ ಕಡೆ ಉದ್ದನೆ ತೂತು ಕೊರೆದು ಸ್ಕ್ರೂ ಅದರೊಳಗೆ ಜರುಗೋ ಹಾಗೆ ಬಿಡಿ. ಇಲ್ಲಾಂದ್ರೆ ಫ್ರೇಮ್ ಒಳಗೋಡೇಲಿ ಕಾಲುವೆ ತೆಗೆದು ಸಣ್ಣ ಮರದ ಗುಬುಟು (ಹಲಗೆನ ಹಿಡಿದಿಡೋ ಪುಟ್ಟ ತುಂಡು) ಮಾಡಿ, ಒಂದು ತುದಿನ ಕಾಲುವೆಯೊಳಗೆ ಜರುಗೋ ಹಾಗೆ ಸಿಗಿಸಿ, ಇನ್ನೊಂದನ್ನ ಹಲಗೆಗೆ ಸ್ಕ್ರೂ ಮಾಡಿ. ನನಗೆ ಇದೇ ಇಷ್ಟ, ಯಾಕಂದ್ರೆ ಐವತ್ತು ವರ್ಷ ಆದ್ಮೇಲೆ ಯಾರಾದ್ರೂ ಹಲಗೆ ಬಿಚ್ಚಿ ಕೀಸಿ ವಾಪಸ್ ಕೂರಿಸ್ಬೇಕು ಅಂದ್ರೆ ಸ್ಕ್ರೂಡ್ರೈವರ್ ಒಂದಿದ್ರೆ ಸಾಕು. ಡ್ರಾಯರ್ ತಳಕ್ಕೂ ಇದೇ ಮಾತು, ಸುತ್ತಲಿನ ಕಾಲುವೇಲಿ ಸಡಿಲವಾಗಿ ಕೂರಿಸಿ, ಅಂಟಿಸ್ಬೇಡಿ.

ರಿಪೇರಿಗೆ ಅಂತ ನನ್ನ ಹತ್ರ ಬರೋ ಹಳೆ ಮೇಜುಗಳನ್ನ ನೋಡಿ ನಾನು ಕಲಿತಿದ್ದು ಇದೇ, ತಲೆಮಾರು ದಾಟಿರೋವು ಎಲ್ಲಾ ಒಂದಲ್ಲ ಒಂದ್ಸಲ ಬಿಚ್ಚಿ ಜೋಡಿಸಿರೋವೇ. ಅದಕ್ಕೇ ಕಾಲು-ಫ್ರೇಮ್ ಕೂಡೋ ಕಡೆ ಮಾರ್ಟೀಸ್-ಟೆನನ್ ಜಾಯಿಂಟೇ ಹಾಕಿ (ಕಾಲಲ್ಲಿ ಕೊರೆದ ತೂತಿಗೆ ಫ್ರೇಮ್ ತುದೀಲಿ ಬಿಡಿಸಿದ ನಾಲಿಗೆ ಕೂರಿಸೋದು), ನಾಲಿಗೆ ದಪ್ಪ ಫ್ರೇಮ್ ಹಲಗೆ ದಪ್ಪದ ಮೂರನೇ ಒಂದು ಭಾಗ ಇರ್ಲಿ. ಅಂಟು ಸಾಧ್ಯ ಆದ್ರೆ ಮರವಜ್ರ ತಗೊಳ್ಳಿ. ಪ್ರಾಣಿ ಚರ್ಮ-ಮೂಳೆಯಿಂದ ಮಾಡೋ ಹಳೇ ಕಾಲದ ಅಂಟು ಅದು, ಬಿಸಿ ಮತ್ತು ತೇವ ಕೊಟ್ರೆ ಬಿಟ್ಕೊಳುತ್ತೆ, ಮತ್ತೆ ಅಂಟಿಸಿದ್ರೆ ಹಳೇ ಪದರದ ಮೇಲೇ ಹಿಡಿಯುತ್ತೆ. ಬಿಳಿ ಗಮ್ ಬಲದಲ್ಲಿ ಏನೂ ಕಮ್ಮಿ ಇಲ್ಲ, ಆದ್ರೆ ಬಿಚ್ಚೋವಾಗ ಮರಾನೇ ಕಿತ್ಕೊಂಡು ಬರುತ್ತೆ. ಸಾಗುವಾನಿಲಿ ಎಣ್ಣೆ ಅಂಶ ಇರೋದ್ರಿಂದ ಅಂಟೋ ಜಾಗನ ಹೊಸದಾಗಿ ಕೀಸಿ, ಅಸಿಟೋನ್ ಬಟ್ಟೇಲಿ ಒರೆಸಿ, ತಕ್ಷಣ ಅಂಟಿಸಿ. ಉಳಿ ಪದೇ ಪದೇ ಮಸೀಬೇಕಾಗುತ್ತೆ, ಆ ಮರದಲ್ಲಿ ಸಿಲಿಕಾ ಇದೆ, ಬಾಯಿ ಬೇಗ ಮೊಂಡಾಗುತ್ತೆ.

ಹಲಗೆ ನಿಜವಾಗ್ಲೂ ಒಣಗಿದ್ಯಾ? ಗಾಳಿಲಿ ಒಣಗಿಸಿದ್ರೆ ಒಂದಿಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನೋದು ಬಡಗಿಗಳ ಲೆಕ್ಕ. ಒಣಗಿದ್ರೂನೂ ಮೇಜು ಇಡೋ ರೂಮಲ್ಲೇ ಹಲಗೆಗಳ ನಡುವೆ ಪಟ್ಟಿ ಕೊಟ್ಟು ಒಂದರ ಮೇಲೊಂದು ಜೋಡಿಸಿ, ಮೂರ್ನಾಲ್ಕು ವಾರ ಬಿಡಿ.

ಪಾಲಿಶ್ ವಿಷಯದಲ್ಲಿ ಪಾಲಿಯುರಿಥೇನ್ ಮೊದಲ ಹತ್ತು ವರ್ಷ ಚೆನ್ನಾಗಿರುತ್ತೆ, ಗೀರು ಬಿದ್ಮೇಲೆ ಆ ಜಾಗ ಮಾತ್ರ ಸರಿ ಮಾಡೋದು ಕಷ್ಟ, ಪೂರ್ತಿ ಕೆರೀಬೇಕು. ನಾನಾದ್ರೆ ಅಗಸೆ ಎಣ್ಣೆ ಹಚ್ತೀನಿ, ಸವೆದ ಕಡೆ ಮತ್ತೊಂದು ಕೈ ಹಚ್ಚಿದ್ರೆ ಆಯ್ತು. ಕಾಲು, ಡ್ರಾಯರ್ ಮುಂಭಾಗಕ್ಕೆ ಅರಗಿನ ಪಾಲಿಶ್ ಚಂದ. ಮೇಲ್ಹಲಗೆಯ ತಳಕ್ಕೂ ಅಷ್ಟೇ ಸಲ ಹಚ್ಚಿ, ಒಂದೇ ಮುಖಕ್ಕೆ ಹಚ್ಚಿದ್ರೆ ಎರಡು ಕಡೆ ತೇವ ಬೇರೆ ಬೇರೆ ವೇಗದಲ್ಲಿ ಓಡಾಡಿ ಹಲಗೆ ದೋಣಿ ಥರ ಬಾಗುತ್ತೆ. ಮತ್ತೆ ಇದು ದಯವಿಟ್ಟು ಮರೀಬೇಡಿ, ಅಗಸೆ ಎಣ್ಣೆ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಹಾಕಿದ್ರೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ, ಹೊರಗಡೆ ಬಿಡಿಸಿ ಹರಡಿ ಒಣಗಿಸಿ.

ಮಗಳು ಚಿಕ್ಕೋಳು ಅಂತ ಎತ್ತರ ಕಮ್ಮಿ ಮಾಡ್ಬೇಡಿ. 73-75 ಸೆಂ.ಮೀ. ಇಡಿ, ಈಗ ಎತ್ತರದ ಕುರ್ಚಿ, ಕಾಲಿಡಕ್ಕೆ ಒಂದು ಪುಟ್ಟ ಮಣೆ ಕೊಡಿ. ಮಣೆನ ಅವಳ ಕೈಲೇ ಉಜ್ಜಿಸಿ ಬೇಕಾದ್ರೆ.

ಆ ಟೀಪಾಯಿನ ಎಸೀಬೇಡಿ. ಸ್ಕ್ರೂ ಬಿಚ್ಚಿ, ಗಮ್ ಇರೋ ಸಂದಲ್ಲಿ ತೆಳ್ಳನೆ ಗರಗಸ ಆಡಿಸಿ ಹಲಗೆ ಬಿಡಿಸಿ, ಸೀಳಿರೋ ಕಡೆನೇ ಪೂರ್ತಿ ಎರಡು ಮಾಡಿ ಅಂಚು ಕೀಸಿ ಅಂಟಿಸಿ, ಈ ಸಲ ಗುಬುಟು ಹಾಕಿ ಕೂರಿಸಿ. ಅದು ಕೈಗೆ ಹತ್ತಿದ್ಮೇಲೆ ಮೇಜಿನ ಹಲಗೆಗೆ ಗರಗಸ ಇಡಿ.