ರಾಸಾಯನಿಕ ಕ್ರಿಯೆ ನಡೆಸುವ ಆರ್‌ಎನ್‌ಎ (ಜೀವಕೋಶದಲ್ಲಿರುವ ಎಳೆಯಂಥ ಅಣು), ಅಂದರೆ ರೈಬೋಜೈಮ್, ಅದರ ಮೂರು ಆಯಾಮದ ಆಕಾರ ಹೇಗೆ ತಿಳಿಯುತ್ತದೆ?

ಧಾರವಾಡದಲ್ಲಿ ಎಂಎಸ್ಸಿ ಓದುವಾಗ ನನಗೂ ಇದೇ ಪ್ರಶ್ನೆ ಕಾಡಿತ್ತು. ಮೊದಲು ಹುಬ್ಬಳ್ಳಿ ಬೆಂಗೇರಿಯ ಖಾದಿ ನೂಲು ಒಂದೆಳೆ ತಗೊಂಡು, ಬಿಗಿಯಾಗಿ ಹುರಿ ಮಾಡಿ, ಎರಡೂ ತುದಿ ಹತ್ತಿರ ತನ್ನಿ. ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ ಅಲ್ವಾ? ಆರ್‌ಎನ್‌ಎ ಎಳೆಯೂ ಹೆಚ್ಚುಕಮ್ಮಿ ಹಾಗೇ ಮಡಚಿಕೊಳ್ಳುತ್ತದೆ. ಅಲ್ಲಿ ಹಿಡಿದಿಡುವುದು ‘ಅಕ್ಷರ’ಗಳ, ಅಂದರೆ ಎಳೆಯನ್ನು ಕಟ್ಟುವ ನಾಲ್ಕು ಬಗೆಯ ಘಟಕಗಳ, ಜೋಡಿ ಮತ್ತು ಮೆಗ್ನೀಸಿಯಂ.

ಹಳೆಯ ದಾರಿ ಎಕ್ಸ್‌-ರೇ. ಆರ್‌ಎನ್‌ಎಯನ್ನು ಹರಳುಗಟ್ಟಿಸಿ, ಎಕ್ಸ್‌-ರೇ ಹಾಯಿಸಿ, ಚೆದುರಿ ಬಿದ್ದ ಚುಕ್ಕೆಗಳಿಂದ ಎಲೆಕ್ಟ್ರಾನ್‌ಗಳ ನಕ್ಷೆ ಲೆಕ್ಕ ಹಾಕುತ್ತಾರೆ. ಹರಳು ಬೆಳೆಸುವುದೇ ಕಷ್ಟ. ಅದರ ಮೇಲೆ ರೈಬೋಜೈಮ್ ಸುಮ್ನೆ ಕೂರುವುದಿಲ್ಲ, ತನ್ನನ್ನೇ ಕತ್ತರಿಸಿಕೊಳ್ಳುತ್ತದೆ! ಹಾಗಾಗಿ 1994ರಲ್ಲಿ ಹ್ಯಾಮರ್‌ಹೆಡ್ ಎಂಬ ಪುಟ್ಟ ರೈಬೋಜೈಮ್‌ನ ರಚನೆ ಕಂಡುಹಿಡಿದವರು ಕತ್ತರಿ ಬೀಳುವ ಎಳೆಯನ್ನು ಡಿಎನ್‌ಎಯಲ್ಲಿ ಮಾಡಿಕೊಂಡರು. ಕತ್ತರಿಸಲು ಬೇಕಾದ ಆಮ್ಲಜನಕದ ಪರಮಾಣು ಅದರಲ್ಲಿ ಇರುವುದೇ ಇಲ್ಲ. ನನಗೆ ಜಾಸ್ತಿ ಇಷ್ಟವಾದ ಜಾಣತನ ಇದು.

1996ರಲ್ಲಿ ವಿಜ್ಞಾನಿಗಳಾದ ಜೆನಿಫರ್ ಡೌಡ್ನಾ, ಥಾಮಸ್ ಚೆಕ್ ಮತ್ತು ಜೊತೆಗಾರರು ಟೆಟ್ರಾಹೈಮೆನಾ ಎಂಬ ಏಕಕೋಶ ಜೀವಿಯ ರೈಬೋಜೈಮ್‌ನ 160 ಅಕ್ಷರಗಳ ಭಾಗವೊಂದರ ರಚನೆಯನ್ನು ಎಕ್ಸ್‌-ರೇಯಿಂದಲೇ ಕಂಡುಹಿಡಿದರು. ಅದರ ಪೂರ್ತಿ ರೂಪ, 387 ಅಕ್ಷರ, 2021ರಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಿಕ್ಕಿತು. ಇದಕ್ಕೆ ಹರಳೇ ಬೇಡ: ದ್ರಾವಣವನ್ನು ತಟ್ಟನೆ ಹೆಪ್ಪುಗಟ್ಟಿಸಿ, ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಸಾವಿರಾರು ಅಣುಗಳ ಮಸುಕು ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಸೇರಿಸಿ ಆಕಾರ ಕಟ್ಟುತ್ತಾರೆ.